ಅರ್ಧ ವಕೀಲನ ಪೂರ್ತಿ ದಿನ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳ ಪುಟದಲ್ಲಿ ಒಬ್ಬರು ನಮ್ಮಂಥವರ ಬಗ್ಗೆ, ಅಂದರೆ ಜನರನ್ನು ಉಚಿತ ಕಾನೂನು ನೆರವಿನ ಹತ್ತಿರ ಕರೆತರುವವರ ಬಗ್ಗೆ, ಬರೆದಿದ್ದರು. ಅರೆ ಕಾನೂನು ಸ್ವಯಂಸೇವಕರು ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡು ಕೋರ್ಟಿನ ಅಂಗಳದಲ್ಲಿ ‘ಅರ್ಧ ವಕೀಲರಂತೆ’ ಮೆರೆಯುತ್ತಾರೆ ಎಂದು ಮೊದಲ ಪ್ಯಾರಾ. ನಿರುದ್ಯೋಗಿ ಪದವೀಧರರಿಗೆ ಇದೊಂದು ಒಳ್ಳೆಯ ಉದ್ಯೋಗ ಎಂದು ಕೊನೆಯ ಪ್ಯಾರಾ. ಬೈದದ್ದನ್ನು ನುಂಗಿಕೊಂಡೆ, 31 ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ಕೇಳದ ಬೈಗುಳ ಉಳಿದಿಲ್ಲ. ಆದರೆ ಆ ಕೊನೆಯ ಪ್ಯಾರಾ ಓದಿಕೊಂಡು ನಮ್ಮ ಓಣಿಯ ಬಿ.ಎ. ಮುಗಿಸಿದ ಹುಡುಗನೊಬ್ಬ ಮರುದಿನ ಮುಂಜಾನೆಯೇ ಮನೆಗೆ ಬಂದ. ‘ಕಾಕಾ, ತಿಂಗಳಿಗೆ ಎಷ್ಟು ಬೀಳತೈತ್ರೀ?’ ಎಂದು ಕೇಳಿದ. ಅವನಿಗೆ ಕೊಟ್ಟ ಉತ್ತರ ಎರಡು ಸಲ ಚಹಾ ಕಾಯಿಸುವಷ್ಟು ಉದ್ದವಾಯಿತು. ಅದನ್ನೇ ಇಲ್ಲಿ ಬರೆದಿದ್ದೇನೆ. ಜಾಗ ಸಾಲದಿದ್ದರೆ ಲೋಕ ಅದಾಲತ್ತಿನ ಭಾಗ ಕತ್ತರಿಸಿ, ಬೇಸರವಿಲ್ಲ.

ನಾನು ಕೆಲಸಕ್ಕೆ ಸೇರಿದ್ದು 1988ರಲ್ಲಿ. ಹಾವೇರಿ ಆಗಿನ್ನೂ ಧಾರವಾಡ ಜಿಲ್ಲೆಯೊಳಗಿತ್ತು, ವಾಯವ್ಯ ಸಾರಿಗೆ ಸಂಸ್ಥೆ ಬೇರೆಯಾಗಿರಲಿಲ್ಲ. 2019ರಲ್ಲಿ ನಿವೃತ್ತಿಯಾಯಿತು. ಎರಡು ವರ್ಷ ಮನೆಯಲ್ಲಿ ಕೂತೆ. ಯಾರೂ ಹತ್ತುವುದಿಲ್ಲ, ಯಾರೂ ಇಳಿಯುವುದಿಲ್ಲ, ಚಿಲ್ಲರೆಗೆ ಜಗಳವಿಲ್ಲ. ಮೈಗೆ ಹತ್ತಲಿಲ್ಲ. 2021ರಲ್ಲಿ ಕೋರ್ಟಿನ ನೋಟಿಸ್ ಬೋರ್ಡಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯ ಪ್ರಕಟಣೆ ಕಂಡು ಅರ್ಜಿ ಹಾಕಿದೆ. ಸಂದರ್ಶನದಲ್ಲಿ ನ್ಯಾಯಾಧೀಶರು ‘ಕಾನೂನು ಏನಾದರೂ ಓದಿದ್ದೀರಾ?’ ಎಂದರು. ಮೋಟಾರು ವಾಹನ ಕಾಯ್ದೆ ಅರ್ಧ ಗೊತ್ತು, ಮನುಷ್ಯರು ಪೂರ್ತಿ ಗೊತ್ತು ಎಂದೆ. ಅವರು ನಕ್ಕರು. ಆಯ್ಕೆಯಾಯಿತು. ಎರಡನೆಯ ಮಾತು ಸುಳ್ಳೆಂದು ಆಮೇಲೆ ಗೊತ್ತಾಯಿತು, ಅದನ್ನು ಮುಂದೆ ಹೇಳುತ್ತೇನೆ.

ಈ ಹುದ್ದೆ ಎಲ್ಲಿಂದ ಬಂತು ಎಂಬುದನ್ನು ಪತ್ರ ಬರೆದವರು ತಿಳಿದುಕೊಳ್ಳಬೇಕಿತ್ತು. ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು, ಅದಕ್ಕೆ ಸರ್ಕಾರ ಉಚಿತ ಕಾನೂನು ನೆರವು ಕೊಡಬೇಕು ಎಂದು ಸಂವಿಧಾನದ 39ಎ ವಿಧಿ ಹೇಳುತ್ತದೆ. 1976ರ 42ನೇ ತಿದ್ದುಪಡಿಯಲ್ಲಿ ಸೇರಿದ್ದು. ಅದರ ಮೇಲೆ 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಆಯಿತು, ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ವರ್ಷಾ ವರ್ಷಾ ಆ ದಿನ ಶಾಲೆ ಮಕ್ಕಳನ್ನು ಬಿಸಿಲಲ್ಲಿ ಜಾಥಾ ಮಾಡಿಸುವುದು ಅದಕ್ಕೇ. ಕೋರ್ಟ್, ವಕೀಲರು, ಸಮಿತಿ ಎಲ್ಲ ಇದ್ದರೂ ಜನ ಅಲ್ಲಿಗೆ ಬರುವುದಿಲ್ಲ, ಊರೊಳಗಿನವರೇ ಯಾರಾದರೂ ಕರೆತರಬೇಕು ಎಂದು ತಿಳಿದ ಮೇಲೆ, 2009ರಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಅರೆ ಕಾನೂನು ಸ್ವಯಂಸೇವಕರ ಯೋಜನೆ ತಂದಿತು. ಅಂಗನವಾಡಿ ಕಾರ್ಯಕರ್ತೆಯರು, ನಿವೃತ್ತ ಮೇಷ್ಟರು, ಕಾನೂನು ಕಾಲೇಜಿನ ಹುಡುಗರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಇದರಲ್ಲಿದ್ದಾರೆ. ನಮಗೆ ತರಬೇತಿ ಕೊಡುವಾಗ ಮೊದಲು ಹೇಳಿದ್ದು, ಮತ್ತೆ ಮತ್ತೆ ಹೇಳಿದ್ದು ಒಂದೇ: ನೀವು ವಕೀಲರಲ್ಲ. ವಾದ ಮಾಡುವಂತಿಲ್ಲ, ವಕಾಲತ್ತು ಹಾಕುವಂತಿಲ್ಲ, ಜನರ ಹತ್ತಿರ ಒಂದು ರೂಪಾಯಿ ಮುಟ್ಟುವಂತಿಲ್ಲ.

ಹಾಗಾದರೆ ಮಾಡುವುದೇನು? ಬಹುಮಟ್ಟಿಗೆ ಕಾಗದ ಓದುವುದು.

ನನ್ನ ಟೇಬಲ್ಲು ಕೋರ್ಟಿನ ಮೆಟ್ಟಿಲ ಕೆಳಗಿದೆ. ಒಂದು ರಿಜಿಸ್ಟರು, ದಾರ ಕಟ್ಟಿದ ಪೆನ್ನು. ದಾರ ಏಕೆಂದರೆ ಮೊದಲ ತಿಂಗಳಲ್ಲೇ ಆರು ಪೆನ್ನು ಹೋದವು. ಬರುವವರ ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲವಿರುತ್ತದೆ. ಅದರೊಳಗೆ ಅವರ ಇಡೀ ಬದುಕು ಅಸ್ತವ್ಯಸ್ತವಾಗಿ ಮಡಚಿಕೊಂಡಿರುತ್ತದೆ: ಹೊಲದ ಪಹಣಿಯ ಉತಾರ, ರೇಷನ್ ಕಾರ್ಡಿನ ಝೆರಾಕ್ಸ್, ಸೊಸೈಟಿ ಸಾಲದ ನೋಟಿಸು, ಸತ್ತ ಗಂಡನ ಆಧಾರ್, ಯಾವುದೋ ಆಸ್ಪತ್ರೆಯ ಚೀಟಿ, ಮಗಳ ಮದುವೆಯ ಕರೆಯೋಲೆ. ‘ಇದರಾಗ ಯಾವುದು ಬೇಕೋ ನೀವ ನೋಡಿಕೊಳ್ರಿ’ ಎಂದು ಚೀಲವನ್ನೇ ನನ್ನ ಮುಂದೆ ಬೋರಲು ಹಾಕುತ್ತಾರೆ. ನಾನು ದಿನಾಂಕದ ಪ್ರಕಾರ ಜೋಡಿಸಿ ಇಡುತ್ತೇನೆ. ಎಷ್ಟೋ ಸಲ ಜೋಡಿಸುವಾಗಲೇ ವ್ಯಾಜ್ಯ ಏನೆಂದು ಅವರಿಗೇ ತಿಳಿಯುತ್ತದೆ. ವಕೀಲರ ಹತ್ತಿರ ಹೋಗುವ ಹೊತ್ತಿಗೆ ಚೀಲ ಒಂದು ಫೈಲಾಗಿರಬೇಕು, ಅಷ್ಟು ನನ್ನ ಕೆಲಸ. ಕಂಡಕ್ಟರಿಗೆ ಟಿಕೆಟಿನ ಲೆಕ್ಕ ಬರೆಯುವ ವೇಬಿಲ್ ಹೇಗೋ ಹಾಗೆ. ಲೆಕ್ಕ ಹೊಂದದಿದ್ದರೆ ರಾತ್ರಿ ನಿದ್ದೆಯಿಲ್ಲ.

ಒಬ್ಬ ರೈತರು ಕೋರ್ಟಿನಿಂದ ಬಂದ ಸಮನ್ಸನ್ನು ಜಗಲಿಯ ಮೇಲೆ ದೇವರ ಫೋಟೊ ಹಿಂದೆ ಇಟ್ಟು ದಿನಾ ಊದುಬತ್ತಿ ಬೆಳಗುತ್ತಿದ್ದರು. ಸಮನ್ಸ್ ಅಂದರೆ ವಾರಂಟ್, ಕೋರ್ಟಿಗೆ ಹೋದರೆ ಹಿಡಿದು ಒಳಗೆ ಹಾಕುತ್ತಾರೆ ಎಂದು ಯಾರೋ ಕಟ್ಟೆಯ ಮೇಲೆ ಹೇಳಿದ್ದರಂತೆ. ಅದು ಅವರ ದಾಯಾದಿ ಹಾಕಿದ್ದ ಸಿವಿಲ್ ದಾವೆ. ಸಮನ್ಸ್ ಮುಟ್ಟಿದ 30 ದಿನದೊಳಗೆ ಲಿಖಿತ ಹೇಳಿಕೆ ಕೊಡಬೇಕು, ಕಾರಣ ತೋರಿಸಿದರೆ ಕೋರ್ಟು 90 ದಿನದವರೆಗೆ ಬಿಡಬಹುದು. ಇವರು ಬಂದಾಗ ಏಳು ತಿಂಗಳಾಗಿತ್ತು, ಇವರ ಗೈರುಹಾಜರಿಯಲ್ಲೇ ಕೇಸು ನಡೆದು ಎಕ್ಸ್‌ಪಾರ್ಟೆ ಆಗಿತ್ತು. ಸಮಿತಿಯಿಂದ ಉಚಿತವಾಗಿ ವಕೀಲರನ್ನು ಕೊಡಿಸಿ, ಆ ಆದೇಶ ರದ್ದು ಮಾಡಿಸಲು ಅರ್ಜಿ ಹಾಕಿಸಿ, ಮತ್ತೆ ಕೇಸಿನೊಳಗೆ ಬರುವುದಕ್ಕೇ ಒಂದು ವರ್ಷ ಹಿಡಿಯಿತು. ಏಳು ತಿಂಗಳ ಹಿಂದೆ ಆ ಕಾಗದವನ್ನು ಯಾರಾದರೂ ಐದು ನಿಮಿಷ ಓದಿ ಹೇಳಿದ್ದರೆ ಸಾಕಿತ್ತು. ಆ ಊರಲ್ಲಿ ಓದು ಬರುವವರು ನೂರಾರು ಜನ ಇದ್ದಾರೆ. ಕೋರ್ಟಿನ ಕಾಗದ ಎಂದರೆ ಓದು ಬಂದವರಿಗೂ ಕೈ ನಡುಗುತ್ತದೆ.

ನಮ್ಮ ಕಡೆ ಇನ್ನೊಂದಿದೆ, ಹಳೇ ಮೈಸೂರಿನವರಿಗೆ ಅಷ್ಟು ಪರಿಚಯವಿರಲಿಕ್ಕಿಲ್ಲ: ವರ್ದಿ. ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಊರಿನ ಭೂದಾಖಲೆ ನೋಡುವ ತಲಾಠಿಗೆ ವರ್ದಿ, ಅಂದರೆ ಬರಹದ ಹೇಳಿಕೆ, ಕೊಟ್ಟು ಜಮೀನಿನ ವಾಟ್ನಿ, ಅಂದರೆ ಪಾಲು, ಮಾಡಿಕೊಳ್ಳುತ್ತಾರೆ. ತಲಾಠಿ ಹೋಗಿ ಈಗ ಗ್ರಾಮ ಆಡಳಿತಾಧಿಕಾರಿ ಬಂದರೂ ಜನರ ಬಾಯಲ್ಲಿ ತಲಾಠಿಯೇ. ಆ ವರ್ದಿಯಲ್ಲಿ ಅಕ್ಕತಂಗಿಯರ ಹೆಸರು ಇರುವುದಿಲ್ಲ, ಇಲ್ಲವೆ ‘ಸ್ವಖುಷಿಯಿಂದ ಹಕ್ಕು ಬಿಟ್ಟಿರುತ್ತಾರೆ’ ಎಂಬ ಒಂದು ಸಾಲು ಇರುತ್ತದೆ. ಪಂಚಮಿಗೆ ತವರಿಗೆ ಬಂದವಳು ಹೆಬ್ಬೆಟ್ಟು ಒತ್ತಿ ಉಂಡಿ ಕಟ್ಟಿಸಿಕೊಂಡು ಹೋಗಿರುತ್ತಾಳೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಮಗನಷ್ಟೇ ಪಾಲು ಎಂದು ಕರ್ನಾಟಕ 1994ರಲ್ಲೇ ಕಾಯ್ದೆ ಮಾಡಿತ್ತು, ಅದಕ್ಕೂ ಮೊದಲು ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಗೋಡೆಯನ್ನೂ ಕೆಡವಿತು. ಅಪ್ಪ ಆ ತಿದ್ದುಪಡಿ ಬಂದ ದಿನ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿತು. ಬದುಕಿರಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದಿತು. ಇಷ್ಟನ್ನು ನಾನು ಸ್ವಸಹಾಯ ಸಂಘದ ಸಭೆಯಲ್ಲಿ ಹೇಳಿ ಮುಗಿಸಿದಾಗ ಒಬ್ಬಾಕೆ ಎದ್ದು ನಿಂತು, ‘ಪಾಲು ತಗೊಂಡ ಮ್ಯಾಲೆ ಪಂಚಮಿಗೆ ಕರಿಯೋರ್ ಯಾರ್ರೀ?’ ಎಂದಳು. ಯಾವ ಸೆಕ್ಷನ್ನಿನಲ್ಲೂ ಅದಕ್ಕೆ ಉತ್ತರವಿಲ್ಲ. ನಾನು ನೀರು ಕುಡಿದು ಕೂತೆ.

ಈಗ ಒಬ್ಬ ಅಜ್ಜಿಯ ವಿಷಯ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ವಯಸ್ಸು ಎಪ್ಪತ್ತರ ಮೇಲೆ. ಇದ್ದ ಎರಡೆಕರೆ ಮತ್ತು ಮನೆಯನ್ನು ಒಬ್ಬನೇ ಮಗನ ಹೆಸರಿಗೆ ಬಕ್ಷೀಸ್ ಪತ್ರ, ಅಂದರೆ ದಾನಪತ್ರ, ಮಾಡಿಕೊಟ್ಟಿದ್ದಳು. ಆರು ತಿಂಗಳಲ್ಲಿ ಆಕೆಯ ಹಾಸಿಗೆ ನಡುಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ದನದ ಹಕ್ಕೆಗೆ ಬಂತು. ನನ್ನ ಟೇಬಲ್ಲಿಗೆ ಬಂದದ್ದು ಮಗನ ಮೇಲೆ ದೂರು ಹೇಳಲು ಅಲ್ಲ. ವೃದ್ಧರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಗಾರ ಮೂರು ತಿಂಗಳಿಂದ ನಿಂತಿದೆ, ಯಾಕೆ ಎಂದು ಕೇಳಲು. ಬ್ಯಾಂಕಿಗೆ ಕರೆದುಕೊಂಡು ಹೋದೆ. ಖಾತೆಗೆ ಆಧಾರ್ ಸರಿಯಾಗಿ ಜೋಡಣೆಯಾಗಿರಲಿಲ್ಲ. ಎರಡು ಸಲ ಬ್ಯಾಂಕು, ಮೂರು ಸಲ ನಾಡಕಚೇರಿ. ಬೆರಳಿನ ಗುರುತು ಯಂತ್ರಕ್ಕೆ ಹತ್ತಲೊಲ್ಲದು, ಜೀವಮಾನವಿಡೀ ಕಳೆ ಕಿತ್ತು ಸವೆದ ಬೆರಳು. ಮೂರನೇ ಸಲ ನಾಡಕಚೇರಿಯಿಂದ ಬಸ್ಸಿನಲ್ಲಿ ವಾಪಸು ಬರುವಾಗ, ಆಕೆಗೆ ಶೂನ್ಯ ಟಿಕೆಟು ನನಗೆ ದುಡ್ಡಿನ ಟಿಕೆಟು, ಕಿಟಕಿಯ ಹೊರಗೆ ನೋಡುತ್ತಾ ‘ಮನ್ಯಾಗ ಉಣ್ಣಾಕ ಕೊಡಂಗಿಲ್ಲಪಾ’ ಎಂದಳು.

ಇದನ್ನು ಪತ್ರ ಬರೆದವರಿಗೆ ಒತ್ತಿ ಹೇಳಬೇಕು. ಆ ಮಾತು ಟೇಬಲ್ಲಿನ ಮುಂದೆ ಹೊರಡಲಿಲ್ಲ. ಐದನೇ ಪ್ರಯಾಣದಲ್ಲಿ, ಸೀಟಿನಲ್ಲಿ ಪಕ್ಕ ಪಕ್ಕ ಕೂತಾಗ ಹೊರಟಿತು.

ಪೋಷಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲಿ ಉಪವಿಭಾಗಾಧಿಕಾರಿಯೇ, ಜನ ಎ.ಸಿ. ಎನ್ನುವವರೇ, ನ್ಯಾಯಮಂಡಳಿ. ಅಲ್ಲಿ ವಕೀಲರಿಲ್ಲದೆ ಹಿರಿಯರೇ ಅರ್ಜಿ ಕೊಡಬಹುದು, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳಬಹುದು. ಆಸ್ತಿ ಬರೆದುಕೊಟ್ಟ ಮೇಲೆ ನೋಡಿಕೊಳ್ಳದಿದ್ದರೆ ಆ ಪತ್ರವನ್ನೇ ರದ್ದು ಮಾಡಿಸಲು 23ನೇ ಕಲಮು ಇದೆ. ಆದರೆ ‘ನೋಡಿಕೊಳ್ಳತಕ್ಕದ್ದು’ ಎಂಬ ಷರತ್ತಿನ ಮೇಲೆ ಕೊಟ್ಟಿರಬೇಕು. ಷರತ್ತು ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಒಂದು ತೀರ್ಪಿನಲ್ಲಿ ಹೇಳಿತ್ತು. ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಓದಬೇಕೆಂದು 2025ರ ಜನವರಿಯಲ್ಲಿ ಇನ್ನೊಂದರಲ್ಲಿ ಹೇಳಿತು. ಅಜ್ಜಿಯ ಬಕ್ಷೀಸ್ ಪತ್ರದಲ್ಲಿ ‘ಪ್ರೀತಿ ವಿಶ್ವಾಸದಿಂದ’ ಎಂದಷ್ಟೇ ಇತ್ತು. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಪತ್ರ ಬರೆಯುವವರು ಎಲ್ಲರಿಗೂ ಅದೇ ಸಾಲು ಬರೆಯುತ್ತಾರೆ, ಕಂಪ್ಯೂಟರಿನಲ್ಲಿ ಮೊದಲೇ ಇರುತ್ತದೆ. ನಿಮ್ಮ ಓದುಗರಲ್ಲಿ ಯಾರಾದರೂ ಮಕ್ಕಳಿಗೆ ಆಸ್ತಿ ಬರೆದುಕೊಡುವವರಿದ್ದರೆ ದಯವಿಟ್ಟು ಊಟ, ವಸತಿ, ಔಷಧ ನೋಡಿಕೊಳ್ಳಬೇಕೆಂದು ಒಂದು ಸಾಲು ಸೇರಿಸಿ. ಬರೆಸುವಾಗ ನಾಚಿಕೆಯಾಗುತ್ತದೆ. ಆಗಲಿ.

ಅಜ್ಜಿಗೆ ಪತ್ರ ರದ್ದಾಗುವುದು ಬೇಕಿರಲಿಲ್ಲ. ‘ನಾ ಸತ್ತಮ್ಯಾಲೆ ಅವನ ಅಲ್ಲೇನ ಕೊಳ್ಳಿ ಇಡಾವ’ ಎಂದಳು. ಜೀವನಾಂಶಕ್ಕೆ ಮಾತ್ರ ಅರ್ಜಿ ಬರೆದೆ. ಆಕೆ ಹೇಳಿದಂತೆಯೇ ಬರೆದೆ, ‘ಸದರಿ ಎದುರುದಾರನು’ ಎಂದೆಲ್ಲ ಸೇರಿಸಲಿಲ್ಲ. ವಿಚಾರಣೆಯ ದಿನ ಮಗನೂ ಬಂದಿದ್ದ. ನನ್ನ ಹಳೇ ಪ್ಯಾಸೆಂಜರು. ನನ್ನನ್ನು ನೋಡಿ, ‘ನಮ್ಮ ಮನಿ ಮುರಿಯಾಕ ಎಷ್ಟು ತಗೊಂಡಿ ಕಂಡಕ್ಟರಾ?’ ಎಂದು ಎಲ್ಲರೆದುರು ಕೇಳಿದ. ಹೊರಗೆ ಚಹಾದಂಗಡಿಯಲ್ಲಿ ಅದೇ ಮಗನ ಪಕ್ಕ ಕೂತು ಅಜ್ಜಿ ಅವನ ಅಂಗಿಯ ಗುಂಡಿ ಕಿತ್ತಿರುವುದನ್ನು ತೋರಿಸುತ್ತಿದ್ದಳು. ತಿಂಗಳಿಗೆ ಎರಡು ಸಾವಿರ ಕೊಡಬೇಕೆಂದು ಆದೇಶವಾಯಿತು. ಮೂರು ತಿಂಗಳು ಕೊಟ್ಟ. ನಾಲ್ಕನೇ ತಿಂಗಳು ನಿಲ್ಲಿಸಿದ. ಆದೇಶ ಪಾಲಿಸದಿದ್ದರೆ ವಾರಂಟು ಹೊರಡಿಸಿ ವಸೂಲು ಮಾಡಬಹುದು, ಅದಕ್ಕೂ ಬಗ್ಗದಿದ್ದರೆ ಒಂದು ತಿಂಗಳವರೆಗೆ ಜೈಲಿಗೂ ಕಳಿಸಬಹುದು ಎಂದು ಹೇಳಿದೆ. ‘ಮಗನ್ನ ಜೇಲಿಗೆ ಹಾಕಸಾಕ ಬಂದಿಲ್ಲಪಾ ನಾನು. ಎರಡು ರೊಟ್ಟಿ ಕೇಳಾಕ ಬಂದೀನಿ.’ ಫೈಲು ನನ್ನ ಕಪಾಟಿನಲ್ಲಿದೆ. ಪಗಾರ ಮಾತ್ರ ಸರಿಯಾಗಿ ಬರುತ್ತಿದೆ. ತಿಂಗಳಿಗೊಮ್ಮೆ ಬಂದು ಬ್ಯಾಂಕಿನ ಪುಸ್ತಕ ತೋರಿಸಿ ಹೋಗುತ್ತಾಳೆ, ಬರುವಾಗ ನಾಲ್ಕು ಬದನೆಕಾಯಿ ತರುತ್ತಾಳೆ. ಜನರಿಂದ ಏನೂ ಮುಟ್ಟಬಾರದೆಂಬ ನಿಯಮ ಬದನೆಕಾಯಿಗೂ ಹತ್ತುತ್ತದೆಯೇ ಎಂದು ನಾನು ಯಾರನ್ನೂ ಕೇಳಿಲ್ಲ.

ಮನುಷ್ಯರು ಪೂರ್ತಿ ಗೊತ್ತು ಎಂದು ಸಂದರ್ಶನದಲ್ಲಿ ಹೇಳಿದ್ದೆನಲ್ಲ. ಅದರ ಕಥೆ ಇದು.

ಸೇರಿದ ಮೊದಲ ವರ್ಷ. ಒಣಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುವ ಹೆಣ್ಣುಮಗಳು, ಇಪ್ಪತ್ತೈದರ ಒಳಗೆ. ಗಂಡ ಕುಡಿದು ಬಂದು ಜಗಳ ತೆಗೆಯುತ್ತಾನೆ, ‘ಅಣ್ಣಾರ, ನೀವ ಒಂದ್ ಮಾತ್ ಹೇಳ್ರಿ ಅವಗ’ ಎಂದಳು. ಕಣ್ಣು ಕೆಂಪಗೆ ಬಾತಿದ್ದವು. ಮೆಣಸಿನಕಾಯಿ ಘಾಟು ಎಂದುಕೊಂಡೆ. ಕೇಳಲಿಲ್ಲ. ಬಸ್ಸಿನಲ್ಲಿ ಸೀಟಿನ ಜಗಳ ಬಿಡಿಸಿ ಬಿಡಿಸಿ ನನಗೊಂದು ರೂಢಿ ಬಿದ್ದಿತ್ತು: ನೀ ಸ್ವಲ್ಪ ಸರಿ, ನೀನೂ ಸ್ವಲ್ಪ ಸರಿ, ರೈಟ್. ಗಂಡನನ್ನು ಕರೆಸಿದೆ. ಒಳ್ಳೆ ಹುಡುಗನ ಹಾಗೆ ಕೈಕಟ್ಟಿ ನಿಂತ. ಕುಡಿಯುವುದಿಲ್ಲ ಎಂದು ಆಣೆ ಮಾಡಿದ. ಇಬ್ಬರಿಗೂ ಬುದ್ಧಿ ಹೇಳಿ ಬಸ್ಸು ಹತ್ತಿಸಿದೆ. ರಿಜಿಸ್ಟರಿನಲ್ಲಿ ‘ರಾಜಿಯಾಗಿದೆ’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಆ ಗೆರೆ ಎಳೆದಾಗ ಖುಷಿಯಾಗಿತ್ತು ಎಂಬುದನ್ನೂ ಬರೆಯಬೇಕು.

ಹನ್ನೊಂದು ದಿನಕ್ಕೆ ಆಕೆ ಬಂದಳು, ಎಡಗೈಗೆ ಪ್ಲಾಸ್ಟರು. ಜೊತೆಗೆ ತಾಯಿ. ನನಗೆ ಒಂದು ಮಾತೂ ಅನ್ನಲಿಲ್ಲ. ತಾಯಿ ಮಾತ್ರ, ‘ನಿಮ್ಮ ಮುಂದ ಬಂದು ಹೇಳಿದ್ಲಂತ ಹೊಡದಾನ್ರಿ’ ಎಂದರು.

ತರಬೇತಿಯಲ್ಲಿ ಇದನ್ನೇ ಹೇಳಿದ್ದರು. ಹೊಡೆತದ ಮಾತು ಬಂದಲ್ಲಿ ಪಂಚಾಯ್ತಿಕೆ ಮಾಡಬೇಡಿ. ಗಾಯವಿದ್ದರೆ ಮೊದಲು ಆಸ್ಪತ್ರೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ರಕ್ಷಣಾಧಿಕಾರಿ ಇದ್ದಾರೆ, ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಆ ಕೆಲಸ ನೋಡುತ್ತಾರೆ, ಅವರ ಮೂಲಕ ಘಟನಾ ವರದಿ ತುಂಬಿಸಿ ಮ್ಯಾಜಿಸ್ಟ್ರೇಟರಿಗೆ ಕಳಿಸಿ. ನೋಟ್‌ಬುಕ್ಕಿನಲ್ಲಿ ನಾನೇ ಬರೆದುಕೊಂಡಿದ್ದೆ, ನನ್ನದೇ ಅಕ್ಷರ. ಎರಡನೇ ಸಲ ಎಲ್ಲವನ್ನೂ ಬರೆದಿದ್ದ ಹಾಗೆಯೇ ಮಾಡಿದೆ. ರಕ್ಷಣಾ ಆದೇಶ ಸಿಕ್ಕಿತು, ಆಕೆ ತವರಿನಲ್ಲಿದ್ದಾಳೆ, ಮತ್ತೆ ಅದೇ ಕೂಲಿಗೆ ಹೋಗುತ್ತಾಳೆ. ಬಸ್ ಸ್ಟ್ಯಾಂಡಿನಲ್ಲಿ ಕಂಡರೆ ಮಾತಾಡಿಸುತ್ತಾಳೆ. ಆ ಕೈ ಪೂರ್ತಿ ಮೇಲಕ್ಕೆ ಏಳುವುದಿಲ್ಲ. ಬಸ್ಸಿನ ಕಂಬಿಯನ್ನು ಬಲಗೈಯಿಂದಲೇ ಹಿಡಿದು ಹತ್ತುತ್ತಾಳೆ.

ಆವತ್ತಿನಿಂದ ಹೆಣ್ಣುಮಕ್ಕಳು ಇಂಥ ವಿಷಯಕ್ಕೆ ಬಂದರೆ ನನ್ನ ಜೊತೆಯ ಸ್ವಯಂಸೇವಕಿಯ ಎದುರು ಕೂರಿಸಿ ನಾನು ಎದ್ದು ಹೋಗುತ್ತೇನೆ. ಆಕೆ ಅಂಗನವಾಡಿ ಕೆಲಸ ಮುಗಿಸಿ ಬರುವವರೆಗೆ ಕಾಯಬೇಕಾದರೆ ಕಾಯಿಸುತ್ತೇನೆ. ರಿಜಿಸ್ಟರಿನಲ್ಲಿ ‘ರಾಜಿಯಾಗಿದೆ’ ಎಂಬ ಮಾತನ್ನು ಈ ವಿಷಯಗಳಿಗೆ ಬಳಸಿಲ್ಲ.

ಪೊಲೀಸ್ ಠಾಣೆಯ ಡ್ಯೂಟಿಯೂ ಇರುತ್ತದೆ. ಕಾಣೆಯಾದ ಮಕ್ಕಳ ದೂರನ್ನು ಠಾಣೆಗಳು ಹೇಗೆ ತೆಗೆದುಕೊಳ್ಳುತ್ತವೆಂದು ನೋಡಲು ಒಬ್ಬ ಸ್ವಯಂಸೇವಕ ಪಾಳಿಯ ಮೇಲೆ ಅಲ್ಲಿರಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೋದ ಮೊದಲ ದಿನ ಅಲ್ಲಿಯ ಪೊಲೀಸಪ್ಪ ನನ್ನನ್ನು ನೋಡಿ ‘ಹೋಲ್ಡಾನ್!’ ಎಂದು ಕೂಗಿ ನಗಿಸಿದ. ಈಗ ಕುರ್ಚಿ ಕೊಡುತ್ತಾರೆ. ಕೆಲಸ ಬಹುಪಾಲು ಕೂತಿರುವುದು. ಆದರೆ ಹೊರಗಿನವನೊಬ್ಬ ಸುಮ್ಮನೆ ಕೂತಿದ್ದರೂ ಒಳಗಿನ ಮಾತಿನ ಧಾಟಿ ಬದಲಾಗುತ್ತದೆ, ಅದನ್ನು ನಾನು ಕಂಡಿದ್ದೇನೆ. 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಬಂದು ಸೆಕ್ಷನ್ನುಗಳ ನಂಬರು ಪೂರ್ತಿ ಬದಲಾದವು, ರೂಟ್ ನಂಬರು ಬದಲಾದಾಗ ಪ್ಯಾಸೆಂಜರು ಪರದಾಡುವಂತೆ ಎಲ್ಲರೂ ಪರದಾಡಿದೆವು. ಜೀವನಾಂಶದ 125 ಈಗ 144. ಮೋಸದ 420 ಈಗ 318. ಆದರೂ ನಮ್ಮೂರಲ್ಲಿ ಯಾರೂ ಯಾರನ್ನೂ ‘ತ್ರೀ ಏಟೀನ್’ ಎಂದು ಬೈದದ್ದು ಕೇಳಿಲ್ಲ.

ರಾಜಿಯಲ್ಲಿ ಕೇಸು ಮುಗಿಸುವ ರಾಷ್ಟ್ರೀಯ ಲೋಕ ಅದಾಲತ್ ವರ್ಷಕ್ಕೆ ನಾಲ್ಕು ಸಲ, ಜಾತ್ರೆಯ ಹಾಗೆ. ನಮ್ಮ ಕೆಲಸ ನೋಟಿಸು ಮುಟ್ಟಿಸುವುದು, ಮನೆ ಹುಡುಕುವುದು. ವಿಳಾಸ ‘ಹಳೇ ಬಸ್ ಸ್ಟಾಪ್ ಹತ್ತಿರ’ ಎಂದಿದ್ದರೂ ಸಾಕು, ನನಗೆ ಸಿಗುತ್ತದೆ. ಅಲ್ಲಿ ಆದ ರಾಜಿ ಕೋರ್ಟಿನ ಡಿಕ್ರಿಗೆ ಸಮ, ಕಟ್ಟಿದ ಕೋರ್ಟ್ ಫೀ ವಾಪಸು ಬರುತ್ತದೆ, ಮೇಲ್ಮನವಿ ಇಲ್ಲ. ಈ ‘ಮೇಲ್ಮನವಿ ಇಲ್ಲ’ ಎಂಬುದನ್ನು ಸಹಿ ಮಾಡುವ ಮೊದಲು ಪ್ರತಿಯೊಬ್ಬರಿಗೂ ನಾನು ಎರಡು ಸಲ ಹೇಳುತ್ತೇನೆ. ಮರುದಿನ ಪತ್ರಿಕೆಯಲ್ಲಿ ಇತ್ಯರ್ಥವಾದ ಕೇಸುಗಳ ಸಂಖ್ಯೆ ದಪ್ಪಕ್ಷರದಲ್ಲಿ ಬರುತ್ತದೆ. ಅವಸರದಲ್ಲಿ ಸಹಿ ಹಾಕಿದವರು ಎಷ್ಟು ಎಂಬ ಲೆಕ್ಕ ಯಾರೂ ಇಟ್ಟಂತಿಲ್ಲ.

ಈಗ ದುಡ್ಡಿನ ವಿಷಯ, ಓಣಿಯ ಹುಡುಗ ಕೇಳಿದ್ದು. ನಮಗೆ ಸಂಬಳವಿಲ್ಲ. ಡ್ಯೂಟಿ ಹಾಕಿದ ದಿನಕ್ಕೆ ಗೌರವಧನ. ಎಷ್ಟು ಎಂದು ಇಲ್ಲಿ ಬರೆದರೆ ನನ್ನ ಹೆಂಡತಿಗೆ ಗೊತ್ತಾಗುತ್ತದೆ, ಬಿಡಿ. ತಿಂಗಳಿಗೆ ಕೆಲವೇ ದಿನ ಡ್ಯೂಟಿ. ಬರುವುದು ತಡವಾಗುತ್ತದೆ, ಒಮ್ಮೆ ಎರಡು ತಿಂಗಳು, ಒಮ್ಮೆ ಅದಕ್ಕೂ ಹೆಚ್ಚು. ನನಗೆ ಪಿಂಚಣಿಯೂ ಮಗನ ಅಂಗಡಿಯೂ ಇದೆ, ನಡೆಯುತ್ತದೆ. ನನ್ನ ಜೊತೆ ತರಬೇತಿ ಪಡೆದ ಇಬ್ಬರು ಹುಡುಗರು ವರ್ಷದೊಳಗೆ ಬಿಟ್ಟು ಫೈನಾನ್ಸ್ ಕಂಪನಿ ಸೇರಿದರು, ಈಗ ಸಾಲ ವಸೂಲಿಗೆ ಹಳ್ಳಿಗಳಿಗೆ ಬರುತ್ತಾರೆ. ಅವರು ಕೊಟ್ಟ ನೋಟಿಸನ್ನೇ ಜನ ನನ್ನ ಹತ್ತಿರ ಓದಿಸಲು ತರುತ್ತಾರೆ. ಅವರನ್ನು ನಾನು ಆಡಿಕೊಳ್ಳುವುದಿಲ್ಲ. ಮದುವೆಯಾಗಬೇಕಾದ ಹುಡುಗರಿಗೆ ಇದು ಉದ್ಯೋಗ ಎಂದು ಹೇಳುವವರನ್ನು ಆಡಿಕೊಳ್ಳುತ್ತೇನೆ.

ತಡವಾಗುವುದು ನನ್ನ ದೊಡ್ಡ ದೂರಲ್ಲ. ಲೆಕ್ಕ ಹಾಕುವ ರೀತಿಯೇ ತಪ್ಪು ಎಂಬುದು ನನ್ನ ದೂರು. ಟೇಬಲ್ಲಿನ ಮುಂದೆ ಕೂತ ದಿನ ಡ್ಯೂಟಿ. ಅಜ್ಜಿಯ ಜೊತೆ ಬ್ಯಾಂಕಿಗೆ, ನಾಡಕಚೇರಿಗೆ, ಎ.ಸಿ. ಕಚೇರಿಗೆ ಅಲೆದ ಎಂಟು ದಿನಗಳು ಯಾವ ವೇಬಿಲ್ಲಿನಲ್ಲೂ ಇಲ್ಲ. ಕಾನೂನು ಅರಿವು ಕಾರ್ಯಕ್ರಮದಲ್ಲಿ ಸಸಿಗೆ ನೀರೆರೆಯುವಾಗ ಹಿಂದೆ ನಿಂತರೆ ಆ ದಿನ ಲೆಕ್ಕಕ್ಕೆ ಬರುತ್ತದೆ. ಜನರಿಗೆ ಬೇಕಾಗಿರುವುದು ಜೊತೆಗೆ ಬರುವವನು. ಕಚೇರಿಯ ಬಾಗಿಲಲ್ಲಿ ಆಕೆ ಚಪ್ಪಲಿ ಬಿಟ್ಟು ಒಳಗೆ ಹೋಗುವಾಗ, ‘ಅವ್ವಾ, ಚಪ್ಪಲಿ ಹಾಕ್ಕೊಂಡ ಬಾ, ಇದು ಗುಡಿ ಅಲ್ಲ’ ಎನ್ನಲು ಒಬ್ಬ ಬೇಕು. ಆ ನಡಿಗೆಯನ್ನು ಡ್ಯೂಟಿಯೆಂದು ಬರೆದುಕೊಳ್ಳಲಿ, ಬಸ್ ಚಾರ್ಜಾದರೂ ಕೊಡಲಿ. ಜೊತೆಗೆ, ವಾರಕ್ಕೊಂದು ದಿನ ನಮ್ಮನ್ನು ಕೋರ್ಟಿನ ಮೆಟ್ಟಿಲ ಕೆಳಗೆ ಕೂರಿಸುವ ಬದಲು ನಾಡಕಚೇರಿಯ ಮುಂದೆ ಕೂರಿಸಲಿ. ಜನ ಕೋರ್ಟಿಗೆ ಬರಲು ಹೆದರುತ್ತಾರೆ, ನಾಡಕಚೇರಿಗೆ ಹೆದರಿದರೂ ಬರಲೇಬೇಕು.

ಪತ್ರ ಬರೆದವರು ಹೇಳಿದ್ದರಲ್ಲಿ ಒಂದು ನಿಜ ಇದೆ, ಒಪ್ಪುತ್ತೇನೆ. ಗುರುತಿನ ಚೀಟಿ ತೋರಿಸಿ ‘ಸಾಹೇಬ್ರಿಗೆ ಹೇಳಿ ಮಾಡಿಸ್ತೀನಿ’ ಎಂದು ಚಹಾದ ರೊಕ್ಕ ಕೇಳುವವರು ಇದ್ದಾರೆ. ಇಲ್ಲ ಎಂದರೆ ನೀವು ನಂಬುವುದಿಲ್ಲ. ಅದಕ್ಕೆ ಓದುಗರು ಇಷ್ಟು ನೆನಪಿಟ್ಟುಕೊಳ್ಳಲಿ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಕಾರ್ಖಾನೆ ಕಾರ್ಮಿಕರು, ಇವರಿಗೆ ಕಾನೂನು ನೆರವು ಕೇಳಲು ವರಮಾನದ ಮಿತಿಯೇ ಇಲ್ಲ. ಉಳಿದವರಿಗೆ ಮಿತಿ ಉಂಟು. ಸಮಿತಿ ಕೊಟ್ಟ ವಕೀಲರು ಫೀ ಕೇಳುವಂತಿಲ್ಲ, ನಾವೂ ಕೇಳುವಂತಿಲ್ಲ. ಕೇಳಿದರೆ ತಾಲ್ಲೂಕು ಸಮಿತಿಯ ಅಧ್ಯಕ್ಷರಾದ ಹಿರಿಯ ನ್ಯಾಯಾಧೀಶರಿಗೆ, ಇಲ್ಲವೆ ಜಿಲ್ಲಾ ಪ್ರಾಧಿಕಾರಕ್ಕೆ ಬಿಳಿ ಹಾಳೆಯಲ್ಲಿ ಬರೆದು ಕೊಡಿ, ಸ್ಟ್ಯಾಂಪ್ ಬೇಡ. ಫೋನು ಮಾಡುವುದಾದರೆ 15100.

ನಿಮ್ಮಲ್ಲೂ ಒಂದು ವಿನಂತಿ. ಕಾನೂನು ಅರಿವು ಕಾರ್ಯಕ್ರಮದ ಫೋಟೊ ನೀವು ತಿಂಗಳಿಗೆ ನಾಲ್ಕಾದರೂ ಹಾಕುತ್ತೀರಿ. ವೇದಿಕೆಯ ಮೇಲಿದ್ದ ಹನ್ನೆರಡು ಜನರ ಹೆಸರಿರುತ್ತದೆ. ಎರಡು ಹೆಸರು ತೆಗೆದು ಆ ಜಾಗದಲ್ಲಿ ಈ ನಂಬರು ಹಾಕಿ. ತೆಗೆದ ಹೆಸರಿನವರು ಸಿಟ್ಟಾಗಿ ನಿಮಗೆ ಫೋನು ಮಾಡುತ್ತಾರೆ, ಅದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಬರೆಯುವುದು ಇನ್ನೂ ಇತ್ತು. ತಡವಾಗಿ ಜನನ ನೋಂದಣಿ ಮಾಡಿಸುವ ಅಧಿಕಾರ 2023ರ ತಿದ್ದುಪಡಿಯಿಂದ ಕೋರ್ಟಿನಿಂದ ಕಂದಾಯ ಅಧಿಕಾರಿಗಳಿಗೆ ಹೋಗಿದೆ, ಜನ ಇನ್ನೂ ನಮ್ಮ ಕೋರ್ಟಿಗೇ ಬಂದು ವಾಪಸು ಹೋಗುತ್ತಿದ್ದಾರೆ, ಅದರದ್ದೇ ಒಂದು ಪುರಾಣ. ಇನ್ನೊಮ್ಮೆ ಬರೆಯುತ್ತೇನೆ. ನಾಳೆ ಮುಂಜಾನೆ 7.40ರ ಬಸ್ಸಿಗೆ ಒಬ್ಬರ ಜೊತೆ ಎ.ಸಿ. ಕಚೇರಿಗೆ ಹೋಗಬೇಕು. ಅವರು ಮೊದಲ ಸಲ ಬರುತ್ತಿದ್ದಾರೆ, ಬಸ್ ಸ್ಟ್ಯಾಂಡಿಗೆ ಅವರಿಗಿಂತ ಮೊದಲು ನಾನಿರಬೇಕು. ತಡವಾದರೆ ಹೆದರಿ ವಾಪಸು ಹೋಗಿಬಿಡುತ್ತಾರೆ.

ತಮ್ಮ ವಿಶ್ವಾಸಿ,
ನಿವೃತ್ತ ಬಸ್ ನಿರ್ವಾಹಕ, ಅರೆ ಕಾನೂನು ಸ್ವಯಂಸೇವಕ
ಹಾವೇರಿ ಜಿಲ್ಲೆ

ವಿ.ಸೂ.: ಹೆಸರು ಮತ್ತು ತಾಲ್ಲೂಕು ಪ್ರಕಟಿಸಬೇಡಿ. ಕಂಡಕ್ಟರ್ ಎಂದ ಕೂಡಲೇ ಊರವರಿಗೆಲ್ಲ ಗೊತ್ತಾಗುತ್ತದೆ, ಆದರೂ ಬೇಡ. ಗೌರವಧನದ ಬಿಲ್ಲು ಇನ್ನೂ ಮಂಜೂರಾಗಿಲ್ಲ.